ಈಶಪ್ಪನ ಫುಲ್‌ಫ್ರೇಮ್

ಆಶಾರಾಣಿಗೆ ಫುಲ್‌ಫ್ರೇಮ್ ಎಂಬ ದೊಡ್ಡ ಸೆನ್ಸಾರಿನ ಕ್ಯಾಮೆರಾದ ಹುಚ್ಚು ಹತ್ತಿದ್ದು ಅವಳ ಅಪ್ಪನ ನಾಟಕದಿಂದ. ದೊಡ್ಡನೆಕ್ಕುಂದಿಯಲ್ಲಿ ಅಪ್ಪ ಚಿಕ್ಕಬೈರಪ್ಪನವರ ಹೊಲದಲ್ಲಿ ಬಾಡಿಗೆ ಮನೆಗಳೆದ್ದು ಎಷ್ಟೋ ವರ್ಷವಾಗಿತ್ತು. ಆದರೂ ಅವರು ಓರಗೆಯವರನ್ನು ಸೇರಿಸಿಕೊಂಡು, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ವರ್ಷಕ್ಕೊಂದು ಪೌರಾಣಿಕ ನಾಟಕ ಆಡುವುದನ್ನು ಬಿಟ್ಟಿರಲಿಲ್ಲ. ಸೀನರಿಯವರು ಕಟ್ಟುವ ಕೆಂಪು-ನೀಲಿ ದೀಪಗಳ ಕೆಳಗೆ ಮಗಳ ಹಳೆಯ ಕ್ಯಾಮೆರಾ ಸೋತುಹೋಗುತ್ತಿತ್ತು. ಕಿರೀಟವೆಲ್ಲ ಕಾಳುಕಾಳು, ಮುಖ ಕೆಂಪು ಮುದ್ದೆ.

"ಏನವ್ವ, ನಾನು ಇಂಗಾ ಇರೋದು?" ಎಂದು ಅಪ್ಪ ಆ ಸಲದ ಫೋಟೋ ನೋಡಿ ಕೇಳಿದ್ದರು.

ಅವಳು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದಳು. ತಪ್ಪು ಹುಡುಕುವುದೇ ಅವಳ ಕಸುಬು. ಪಕ್ಕದ ಸೀಟಿನ ಲೋಕೇಶ್ ಅವಳಿಗಿಂತ ದೊಡ್ಡ ಅನುಮಾನದ ಮನುಷ್ಯ. ಇಬ್ಬರೂ ಆ ಭಾಗದ ಹವ್ಯಾಸಿ ಫೋಟೋಗ್ರಾಫರ್‌ಗಳ ಗ್ರೂಪಿನಲ್ಲಿದ್ದರು. ಅಲ್ಲಿ ಅವಳು "ಫುಲ್‌ಫ್ರೇಮ್ ತಗೋಬೇಕು, ಸೆಕೆಂಡ್‌ಹ್ಯಾಂಡ್ ಆದ್ರೂ ಪರ್ವಾಗಿಲ್ಲ" ಎಂದು ಬರೆದದ್ದೇ ತಡ, ತಲೆಗೊಂದು ಮಾತು ಬಂತು. ಕ್ಯಾಮೆರಾ ಬಾಡಿಗಿಂತ ಮೊದಲು ಒಳ್ಳೆ ಲೆನ್ಸ್ ತಗೋ ಎಂದರು ಕೆಲವರು. ಅಷ್ಟು ಭಾರ ಹೊತ್ತು ಕುತ್ತಿಗೆ ನೋವು ತಂದುಕೊಳ್ಳುವುದೇಕೆ ಎಂದರು ಇನ್ನು ಕೆಲವರು.

"ಯಾರ ಹತ್ರ ಬೇಕಾದ್ರೂ ತಗೋ, ಮದುವೆ ಫೋಟೋಗ್ರಾಫರ್ ಹತ್ರ ಮಾತ್ರ ಬೇಡ," ಎಂದ ಲೋಕೇಶ್. "ಅವರ ಕ್ಯಾಮೆರಾ ಅಂದ್ರೆ ಶೇರ್ ಆಟೋ ಇದ್ದಂಗೆ. ಮೇಲೆ ಒರೆಸಿರ್ತಾರೆ, ಒಳಗೆ ಎಲ್ಲಾ ಸವೆದಿರುತ್ತೆ." ಹಿಂದಿನ ವರ್ಷ ಅವನೇ ಒಂದು ಹಳೆಯ ಲೆನ್ಸ್ ಕೊಂಡು, ಒಳಗೆ ಬೂಷ್ಟು ಹಿಡಿದಿರುವುದು ಆಮೇಲೆ ಗೊತ್ತಾಗಿ ಕೈ ಸುಟ್ಟುಕೊಂಡಿದ್ದ.

ಮಾರತ್ತಹಳ್ಳಿಯಲ್ಲಿ ರೀಲಿನ ಕಾಲದಿಂದ ಸ್ಟುಡಿಯೋ ನಡೆಸುತ್ತಿದ್ದ ರಾಮಾಂಜಿನಪ್ಪ ಮಾತ್ರ ಬೇರೆಯೇ ಒಂದು ಮಾತು ಹೇಳಿದರು. "ನೋಡಮ್ಮ, ಸಣ್ಣ ಸೆನ್ಸಾರು ನಮ್ಮ ತಪ್ಪನ್ನ ಮುಚ್ಚಾಕ್ತದೆ. ಫೋಕಸ್ಸು ಒಸಿ ಆಚೀಚೆ ಆದ್ರೂ ಮುಖ ಎಲ್ಲಾ ಒಂದೇ ತರ ಕಾಣ್ತದೆ. ಇದರಲ್ಲಿ ಲೆನ್ಸ್ ಪೂರಾ ತೆರೆದೆ ಅಂದ್ರೆ, ರೆಪ್ಪೆ ನೆಟ್ಟಗಿದ್ರೆ ಕಿವಿ ಮಂಜು. ಎಲ್ಲಿ ಫೋಕಸ್ ಇಡ್ತೀಯೋ ಕಣ್ಣಿಟ್ಟು ನೋಡಿ ಇಡಬೇಕು. ತಾಳ್ಮೆ ಇದ್ರೆ ತಗೋ."

ವಾರ ಕಳೆಯುವುದರೊಳಗೆ ಇಂಟರ್‌ನೆಟ್ಟಿನಲ್ಲಿ ಒಂದು ಜಾಹೀರಾತು ಕಂಡಿತು. ಬಾಗಲಗುಂಟೆಯ ಈಶಪ್ಪ ಎಂಬುವನದು. ಅವಳು ಹುಡುಕುತ್ತಿದ್ದ ಮಾಡೆಲ್ಲೇ, ಜೊತೆಗೊಂದು ಒಳ್ಳೆಯ ಲೆನ್ಸು, ಬಾಕ್ಸು, ಬಿಲ್ಲು. ಬೆಲೆ ಮಾತ್ರ ಬೇರೆಯವರು ಹೇಳುವುದಕ್ಕಿಂತ ಸಾಕಷ್ಟು ಕಡಿಮೆ. ಅಷ್ಟು ಕಡಿಮೆ ಇದ್ದದ್ದೇ ಅವಳ ಮನಸ್ಸಿನಲ್ಲಿ ಮೊದಲ ಅನುಮಾನ ಹುಟ್ಟಿಸಿತು. ಫೋನ್ ಮಾಡಿದಳು.

"ಯಾಕೆ ಮಾರ್ತಿದೀರ?"

"ಊರಿಗೆ ಹೊಂಟೀನ್ರೀ ಮೇಡಂ, ಬಾದಾಮಿ ಕಡೆ. ಅಲ್ಲಿ ಇಷ್ಟು ದೊಡ್ಡ ಕ್ಯಾಮೆರಾ ಬೇಕಾಗೂದಿಲ್ರಿ."

ಲೋಕೇಶ್ ಸುಮ್ಮನಿರಲಿಲ್ಲ. ತನ್ನ ನಂಬರಿನಿಂದ ಬೇರೆ ಗಿರಾಕಿಯ ಹಾಗೆ ಮಾತಾಡಿ ಅದೇ ಪ್ರಶ್ನೆ ಕೇಳಿದ. ಫೋನಿಟ್ಟು ಅವಳ ಕಡೆ ತಿರುಗಿದ. "ನಂಗೆ ಏನಂದ ಗೊತ್ತಾ? ಹೊಸ ಮಾಡೆಲ್ ಬುಕ್ ಮಾಡಿದೀನಿ, ಅದಕ್ಕೆ ಮಾರ್ತಿದೀನಿ ಅಂತ. ನಿಂಗೊಂದು, ನಂಗೊಂದು."

ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಇವರಿಬ್ಬರೂ ಶನಿವಾರ ಬೆಳಿಗ್ಗೆ ಕಾರು ಹತ್ತಿ, ರಿಂಗ್ ರೋಡು ಸುತ್ತಿಕೊಂಡು ಬಾಗಲಗುಂಟೆಗೆ ಹೋದರು. ಕಳ್ಳನನ್ನು ಹಿಡಿಯುವ ಉತ್ಸಾಹವೂ ಅದರಲ್ಲಿ ಸ್ವಲ್ಪ ಇತ್ತು.

ಈಶಪ್ಪನ ಸ್ಟುಡಿಯೋ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಬಂದ ಉತ್ತರದ ಜಿಲ್ಲೆಗಳ ಜನರ ಮದುವೆ, ತೊಟ್ಟಿಲು, ಬಸುರಿಯರ ಕುಬುಸಗಳ ಫೋಟೋಗಳು ಗೋಡೆಯ ತುಂಬ. ನಲವತ್ತು ದಾಟಿದ ಗಟ್ಟಿ ಆಳು ಅವನು. ಮೊದಲ ಮಾತಿಗೇ ಕೇಳಿದ: "ಆಫೀಸ್ ಕಾರ್ಡ್ ಐತೇನ್ರಿ?"

ಲೋಕೇಶನ ಮುಖ ಕೆಂಪಾಯಿತು. "ನಾವು ಕಳ್ಳರ ತರ ಕಾಣ್ತೀವಾ?"

"ಬ್ಯಾಸರ ಮಾಡ್ಕೋಬ್ಯಾಡ್ರಿ. ಹ್ವಾದ ಸಲ ಒಬ್ಬಾಂವ ಬೆಳಕಿಗೆ ಹಿಡದು ನೋಡ್ತೀನಂತ ಲೆನ್ಸ್ ತಗೊಂಡು ಕೆಳಗ ಇಳದ. ಮತ್ತ ಮ್ಯಾಲ ಬರ್ಲಿಲ್ಲ." ಕಾರ್ಡುಗಳನ್ನು ಇಸಿದುಕೊಂಡು ಎಡಗಡೆಗೆ ಓರೆಯಾಗಿ ಹಿಡಿದು ನೋಡಿ, ಮೇಜಿನ ಮೇಲಿಟ್ಟುಕೊಂಡ. ಮಾತಾಡುವಾಗ ಅವನು ಎದುರಿನವರ ಮುಖ ನೋಡುತ್ತಿರಲಿಲ್ಲ. ಅವನ ನೋಟ ಆಶಾರಾಣಿಯ ಕಿವಿಯ ಆಚೆಗೆಲ್ಲೋ ಇತ್ತು. ಇದನ್ನೂ ಅವಳು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಸುಳ್ಳು ಹೇಳುವವರು ಹೀಗೇ ನೋಡುವುದು.

ಲೋಕೇಶ್ ಟಾರ್ಚು ತೆಗೆದ. ಸೆನ್ಸಾರಿಗೆ ಬೆಳಕು ಬಿಟ್ಟ, ಬಿಳಿ ಗೋಡೆಯ ಫೋಟೋ ಹೊಡೆದು ಧೂಳಿನ ಚುಕ್ಕೆ ಹುಡುಕಿದ, ಲೆನ್ಸ್ ತಿರುಪಿ ಸಡಿಲವಿದೆಯೇ ನೋಡಿದ. ಬಾಡಿಯ ಅಂಚಿನಲ್ಲಿ ಬಣ್ಣ ಹೋಗಿ ಲೋಹ ಹೊಳೆಯುತ್ತಿತ್ತು, ಹಿಡಿಕೆಯ ರಬ್ಬರನ್ನು ಒಮ್ಮೆ ಗೋಂದು ಹಾಕಿ ಅಂಟಿಸಿದ್ದರು. ಅದು ಬಿಟ್ಟರೆ ದೋಷ ಸಿಗಲಿಲ್ಲ. ಆಮೇಲೆ ವ್ಯೂಫೈಂಡರಿಗೆ ಕಣ್ಣಿಟ್ಟ.

"ಇದೇನ್ರೀ, ಒಳಗೆಲ್ಲಾ ಮಸುಕು ಮಸುಕು?"

"ಅದು ಹಂಗ ಐತ್ರಿ. ಫೋಟೋ ಛಲೋ ಬರ್ತಾವ."

ಆಶಾರಾಣಿಯೂ ನೋಡಿದಳು. ನಿಜ, ಎದುರಿನ ಕ್ಯಾಲೆಂಡರಿನ ಅಕ್ಷರಗಳು ನೀರಿನಲ್ಲಿ ನೆನೆದಂತಿದ್ದವು. ಫೋಟೋ ಹೊಡೆದು ಸ್ಕ್ರೀನಿನಲ್ಲಿ ನೋಡಿದರೆ ಅದೇ ಅಕ್ಷರಗಳು ಸ್ಪಷ್ಟ. ವ್ಯೂಫೈಂಡರಿನ ಪಕ್ಕದಲ್ಲಿ ಒಂದು ತುಂಡು ಕಪ್ಪು ಟೇಪು ಅಂಟಿಸಿತ್ತು. ಲೋಕೇಶ್ ಅದಕ್ಕೆ ಉಗುರು ಹಾಕಿದ.

"ಬ್ಯಾಡ್ರಿ!" ಈಶಪ್ಪ ಸರಕ್ಕನೆ ಕೈ ಚಾಚಿದ. "ರಬ್ಬರ್ ಕಿತ್ತು ಬರ್ತೈತಿ."

ಒಳಗಿನ ಮೂಲೆಯಲ್ಲಿ ಅವನ ಹೆಂಡತಿ ಮಹಾದೇವಿ ಕಂಪ್ಯೂಟರಿನಲ್ಲಿ ಆಲ್ಬಮ್ ಜೋಡಿಸುತ್ತ ಕೂತಿದ್ದಳು. ಆಶಾರಾಣಿ ಅವಳ ಕಡೆ ತಿರುಗಿ, "ಅಕ್ಕ, ಈ ಕ್ಯಾಮೆರಾದಲ್ಲಿ ಇತ್ತೀಚೆಗೆ ತೆಗೆದಿರೋ ಫೋಟೋ ಇದ್ರೆ ತೋರಿಸ್ತೀರಾ? ಕಳೆದ ತಿಂಗಳದ್ದು?" ಎಂದಳು. ಮಹಾದೇವಿಯ ಕೈ ಮೌಸಿನ ಮೇಲೆ ಹೋಯಿತು.

"ಅದ್ಯಾಕ ಈಗ? ಹಳೇ ಆಲ್ಬಮ್ ತೋರಿಸು," ಎಂದ ಈಶಪ್ಪ. ದನಿ ಸಣ್ಣಗೆ ಗಡುಸಾಗಿತ್ತು. ಮಹಾದೇವಿ ಗಂಡನನ್ನೊಮ್ಮೆ ನೋಡಿ, ಎದ್ದು ಹಳೆಯ ಆಲ್ಬಮ್ ತಂದಿಟ್ಟಳು.

ಆ ಆಲ್ಬಮ್ಮಿನ ಫೋಟೋಗಳು ಆಶಾರಾಣಿಯನ್ನು ಕಟ್ಟಿಹಾಕಿದವು. ಅರಿಶಿನದ ಶಾಸ್ತ್ರದಲ್ಲಿ ಒಬ್ಬ ಮುದುಕಿ ಹಾಡುತ್ತಿದ್ದಳು. ಒಂದೇ ಬಲ್ಬಿನ ಬೆಳಕು, ಆದರೂ ಅವಳ ಕಣ್ಣಿನ ಒದ್ದೆಯನ್ನೂ ಕ್ಯಾಮೆರಾ ಬಿಟ್ಟಿರಲಿಲ್ಲ. ಹಿಂದಿನ ಜನವೆಲ್ಲ ಮೃದುವಾಗಿ ಕರಗಿಹೋಗಿದ್ದರು. ಅಪ್ಪನ ಮುಖವನ್ನು ಹೀಗೆ ತೆಗೆಯಬೇಕು ಎಂದು ಅವಳಿಗೆ ಅನ್ನಿಸಿತು.

"ನಾಳೆ ದಾಸರಹಳ್ಳ್ಯಾಗ ಒಂದು ಕುಬುಸ ಐತ್ರಿ," ಎಂದ ಈಶಪ್ಪ, ಅವಳ ಕಿವಿಯನ್ನೇ ನೋಡುತ್ತ. "ನೀವು ಬರ್ರಿ. ಇಡೀ ದಿನ ನೀವ ಹೊಡೀರಿ. ಮನಸ್ಸಿಗೆ ಬಂದ್ರ ತಗೋರಿ, ಇಲ್ಲಂದ್ರ ಬಿಡ್ರಿ."

ಕೆಳಗಿನ ಬೇಕರಿಯಲ್ಲಿ ಟೀ ಕುಡಿಯುತ್ತ ಲೋಕೇಶ್ ತೀರ್ಪು ಕೊಟ್ಟ. "ಅದು ಬಿದ್ದಿರೋ ಬಾಡಿ. ಟೇಪಿನ ಕೆಳಗೆ ಬಿರುಕಿದೆ, ಬರ್ದಿಟ್ಕೋ. ಕಳೆದ ತಿಂಗಳ ಫೋಟೋ ಯಾಕೆ ತೋರಿಸ್ಲಿಲ್ಲ? ಅದರಲ್ಲಿ ಏನೋ ಇದೆ. ನಾನು ಗ್ರೂಪಲ್ಲಿ ಹಾಕಿಬಿಡ್ತೀನಿ, ಇನ್ಯಾರೂ ಮೋಸ ಹೋಗ್ಬಾರ್ದು."

"ನಾಳೆ ಒಂದಿನ ನೋಡ್ತೀನಿ. ಆಮೇಲೆ ಹಾಕು," ಎಂದಳು ಅವಳು.

ಭಾನುವಾರದ ಕುಬುಸ ಭಾಗ್ಯಶ್ರೀ ಎಂಬ ಹುಡುಗಿಯದು. ಅವಳ ಅಪ್ಪ ಭರಮಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಊರ ಕಡೆಯವರನ್ನೆಲ್ಲ ಕರೆದಿದ್ದ. ಹಸಿರು ಸೀರೆ, ಹಸಿರು ಬಳೆ, ಹೂವಿನ ಜಡೆ. ಹಾಲಿನ ತುಂಬ ಜೋಳದ ರೊಟ್ಟಿಯ ವಾಸನೆ. ಈಶಪ್ಪ ಫುಲ್‌ಫ್ರೇಮನ್ನು ಆಶಾರಾಣಿಯ ಕೈಗಿತ್ತು, ತಾನು ಹಳೆಯ ಚಿಕ್ಕ ಕ್ಯಾಮೆರಾ ಹಿಡಿದುಕೊಂಡ.

ಅವಳು ಹುಡುಗಿಯ ಫೋಟೋ ತೆಗೆಯುವುದಕ್ಕಿಂತ ಹೆಚ್ಚಾಗಿ ಈಶಪ್ಪನನ್ನು ಗಮನಿಸಿದಳು. ಆಲ್ಬಮ್ಮಿನ ಆ ಮುದುಕಿಯ ಫೋಟೋ ತೆಗೆದವನು ಇವನೇ ಎಂದು ನಂಬುವುದು ಕಷ್ಟವಾಯಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸುವುದು, ದೂರ ನಿಲ್ಲುವುದು, ಫ್ಲ್ಯಾಶ್ ಹಾಕುವುದು, ಹೊಡೆಯುವುದು, ಅಷ್ಟೇ. ಹತ್ತಿರ ಹೋಗುತ್ತಲೇ ಇರಲಿಲ್ಲ. ಎರಡು ಮೂರು ಫೋಟೋ ಹೊಡೆದು, ಸ್ಕ್ರೀನನ್ನು ಅವಳ ಮುಂದೆ ಹಿಡಿಯುತ್ತಿದ್ದ. "ನೋಡ್ರಿ ಮೇಡಂ, ಹ್ಯಾಂಗ ಬಂದೈತಿ?" ತನ್ನ ಕೈಗೆ ಬಂದ ಫುಲ್‌ಫ್ರೇಮನ್ನು ಪರೀಕ್ಷಿಸಲು ಬಿಡದೆ ಗಮನ ಬೇರೆ ಕಡೆ ಸೆಳೆಯುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು.

ಆರತಿಯ ನಡುವೆ ಬಿಡುವು ಸಿಕ್ಕಾಗ ಕಂಬದ ಮರೆಗೆ ಹೋಗಿ ಅವಳು ಆ ಟೇಪನ್ನು ಕಿತ್ತೇಬಿಟ್ಟಳು. ಕೆಳಗೆ ಬಿರುಕಿರಲಿಲ್ಲ. ನೋಡುವವರ ಕಣ್ಣಿನ ಪವರಿಗೆ ತಕ್ಕಂತೆ ವ್ಯೂಫೈಂಡರನ್ನು ಹೊಂದಿಸುವ ಪುಟ್ಟ ಚಕ್ರವಿತ್ತು. ಎಲ್ಲ ಕ್ಯಾಮೆರಾಗಳಲ್ಲಿ ಇರುವಂಥದ್ದೇ. ಇದನ್ನು ಮಾತ್ರ ಇನ್ನು ತಿರುಗದಷ್ಟು ಕೊನೆಯವರೆಗೆ ತಿರುಗಿಸಿ, ಅಲುಗಾಡದಂತೆ ಟೇಪು ಹಾಕಿದ್ದರು. ಅವಳು ಹಿಂದಕ್ಕೆ ತಿರುಗಿಸಿದಳು. ಒಳಗಿನ ಮಸುಕು ಹರಿದು, ಹಾಲಿನ ಆ ತುದಿಯಲ್ಲಿ ಕೂತಿದ್ದ ಹುಡುಗಿಯ ಮೂಗುತಿ ಹೊಳೆಯಿತು.

ಹಾಗಾದರೆ ಕ್ಯಾಮೆರಾ ಸರಿಯಿದೆ. ಸರಿಯಿರುವುದನ್ನು ಹಾಳಾದಂತೆ ಇಟ್ಟುಕೊಂಡು ಕಡಿಮೆಗೆ ಮಾರುವುದು ಯಾಕೆ? ಕದ್ದ ಮಾಲೇ? ಬಾಕ್ಸು, ಬಿಲ್ಲು ಎರಡೂ ಅವನ ಹೆಸರಿನಲ್ಲೇ ಇದ್ದವು. ಅವಳಿಗೆ ತಲೆ ಕೆಟ್ಟಿತು.

ಅಷ್ಟರಲ್ಲಿ ಹಾಲಿನ ನಡುವೆ ಏನೋ ಸದ್ದಾಯಿತು. ಭರಮಪ್ಪನ ತಾಯಿ ದುರ್ಗವ್ವ ಈಶಪ್ಪನಿಗೆ ಚಹಾದ ಕಪ್ಪು ಕೊಡಲು ಹೋಗಿದ್ದಳು. ಅವನ ಕೈ ಕಪ್ಪಿಗಿಂತ ಈಚೆಗೇ ಮುಚ್ಚಿಕೊಂಡು ಗಾಳಿಯನ್ನು ಹಿಡಿದಿತ್ತು. ಹಿಡಿದನೆಂದುಕೊಂಡು ಮುದುಕಿ ಬಿಟ್ಟಿದ್ದಳು. ಕಪ್ಪು ನೆಲಕ್ಕೆ ಬಿದ್ದು ಚೂರಾಗಿತ್ತು.

"ಕಣ್ಣ ಕಾಣ್ತಾವೋ ಇಲ್ಲೋ ತಮ್ಮಾ ನಿನಗ?" ಎಂದಳು ದುರ್ಗವ್ವ.

ಸುತ್ತಲಿನವರು ನಕ್ಕರು. ಎಲ್ಲರಿಗಿಂತ ಜೋರಾಗಿ ಈಶಪ್ಪನೇ ನಕ್ಕ. ಆಶಾರಾಣಿಗೆ ನಗು ಬರಲಿಲ್ಲ. ಮುಖ ನೋಡದ ಆ ನೋಟ, ಓರೆಯಾಗಿ ಹಿಡಿದ ಕಾರ್ಡು, ಕೊನೆಯವರೆಗೆ ತಿರುಗಿಸಿದ ಚಕ್ರ, 'ಹ್ಯಾಂಗ ಬಂದೈತಿ' ಎಂಬ ಪ್ರಶ್ನೆ ಎಲ್ಲವೂ ಒಂದೇ ಸಲ ಅವಳಿಗೆ ಅರ್ಥವಾದವು.

ಊಟದ ಹೊತ್ತಿಗೆ ಈಶಪ್ಪನ ಫೋನು ರಿಂಗಾಯಿತು. ಅವನು ಅದನ್ನು ಎಡಗಣ್ಣಿನ ಹತ್ತಿರ ಹಿಡಿದು ಹೆಸರು ಓದಿ, ಹೊರಗೆ ಹೋದ. ಬಂದಾಗ ಮುಖ ಕಪ್ಪಿಟ್ಟಿತ್ತು. "ನನ್ನ ನಂಬರ್ ಹಾಕಿ ಮೋಸಗಾರ ಅಂತ ಬರದಾರಂತ. ಪೀಣ್ಯಾದ ಸ್ಟುಡಿಯೋದವರಿಗೆಲ್ಲಾ ಮುಟ್ಟೇತಿ. ಇದು ನಿಮ್ಮ ಕೆಲಸಾ?"

ಅವಳು ತನ್ನ ಫೋನ್ ತೆಗೆದು ನೋಡಿದಳು. ಲೋಕೇಶ್ ಸಂಜೆಯವರೆಗೆ ಕಾದಿರಲಿಲ್ಲ. ಅವನ ಇನ್ನೊಬ್ಬ ಗೆಳೆಯ ವಿಚಾರಿಸಿದಾಗ ಈಶಪ್ಪ ಮೂರನೆಯ ಕಾರಣ ಕೊಟ್ಟನಂತೆ, ಸೈಟು ತಗೊಳ್ಳಬೇಕು ಎಂದು. ಮೂರು ಕಾರಣ, ಮಸುಕು ವ್ಯೂಫೈಂಡರ್, ಬಚ್ಚಿಟ್ಟ ಫೋಟೋಗಳು, ಎಲ್ಲವನ್ನೂ ಬರೆದು 'ಎಚ್ಚರಿಕೆ' ಎಂದು ಗ್ರೂಪಿಗೆ ಹಾಕಿದ್ದ. ಅಲ್ಲಿಂದ ಅದು ಬೇರೆ ಗ್ರೂಪುಗಳಿಗೆ ಹಾರಿತ್ತು.

"ನನ್ನ ಜೊತೆ ಬಂದಿದ್ದೋರು ಹಾಕಿರೋದು," ಎಂದಳು. "ನಿಮ್ಮ ಕಣ್ಣಿಗೆ ಏನಾಗಿದೆ ಅಣ್ಣ?"

ಈಶಪ್ಪ ಬಾಗಿಲ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೂ ದನಿ ತಗ್ಗಿಸಿಯೇ ಮಾತಾಡಿದ.

"ನಿಮ್ಮನ್ನ ಆ ಈರಣ್ಣ ಕಳಿಸ್ಯಾನ ಅನ್ಕೊಂಡಿದ್ದೆ. ಮುಂದಿನ ಸರ್ಕಲ್ಲಿನ ಸ್ಟುಡಿಯೋದಾಂವ. ಅಂವಗ ಸಂಶೇ ಬಂದೈತಿ. ನೀವು ಕಳದ ತಿಂಗಳ ಫೋಟೋ ಕೇಳಿದಾಗ ಎದಿ ಧಸಕ್ಕಂತು." ಸ್ವಲ್ಪ ತಡೆದ. "ಸಕ್ಕರಿ ಬ್ಯಾನಿರಿ ನನಗ. ಬಲಗಣ್ಣಿನ ಪರದೆ ಹೋಗೇತಿ. ನೇರ ನೋಡಿದ್ರ ನಿಮ್ಮ ಮಾರಿ ಕಾಣೂದಿಲ್ಲ, ಸುತ್ತಲಿಂದಷ್ಟ ಕಾಣ್ತೈತಿ. ಮೊದಲ ಕ್ಯಾಮೆರಾನ ಕೆಟ್ಟೈತಿ ಅಂತ ಆ ಚಕ್ರ ತಿರಗಿಸ್ಕೋತ ಬಂದೆ. ಇನ್ನ ತಿರಗೂದಿಲ್ಲ ಅಂದಾಗ ಡಾಕ್ಟರ್ ಕಡೆ ಹ್ವಾದೆ. ಎಡಗಣ್ಣೂ ಮಸುಕಾಗಾಕ ಸುರು ಆಗೇತಿ, ಜಲ್ದಿ ಇಂಜೆಕ್ಷನ್ ಕೊಡಬೇಕಂದ್ರು."

"ಅದಕ್ಕೆ ಮಾರ್ತಿದೀರ."

"ಅದಕ್ಕೂ ಹೌದು. ಮತ್ತ, ಈ ಕ್ಯಾಮೆರಾ ನನ್ನ ಕಣ್ಣಿನ ಸುದ್ದಿ ಎಲ್ಲಾರಿಗೂ ಹೇಳಿಬಿಡ್ತೈತ್ರಿ. ಚಿಕ್ಕದ್ರಾಗ ದೂರ ನಿಂತು, ಫ್ಲ್ಯಾಶ್ ಹಾಕಿ ಹೊಡದ್ರ ಹೆಂಗೋ ನಡೀತೈತಿ. ಇದ್ರಾಗ ಕಳದ ತಿಂಗಳ ಒಂದು ಲಗ್ನ ಹೊಡದೆ. ಮದುಮಗಳ ಕಣ್ಣ ಬಿಟ್ಟು ಕಿವಿಯೋಲೆ ಫೋಕಸ್ ಆಗೇತಿ. ಒಂದಲ್ಲ, ಭಾಳ. ಕುರುಡ ಫೋಟೋಗ್ರಾಫರ್ ಅಂದ್ರ ಯಾರು ಕರೀತಾರ? ಮನ್ಯಾಗ ಮಹಾದೇವಿಗೂ ಹೇಳಿಲ್ಲ. ನೀವೂ ಎಲ್ಲೂ ಬಾಯಿ ಬಿಡಬ್ಯಾಡ್ರಿ."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು, ಉಳಿದ ಮಧ್ಯಾಹ್ನವೆಲ್ಲ ಅವಳೇ ಫೋಟೋ ತೆಗೆದಳು. ಅವನು ಪಕ್ಕದಲ್ಲಿ ನಿಂತು ಬೆಳಕು ಎತ್ತ ಕಡೆಯಿಂದ ಬರುತ್ತಿದೆ, ಮುದುಕಿಯರನ್ನು ಹೇಗೆ ಮಾತಿಗೆಳೆಯಬೇಕು ಎಂದು ಹೇಳಿದ. ಹೊರಡುವ ಹೊತ್ತಿಗೆ ಕ್ಯಾಮೆರಾ ತಾನೇ ತಗೊಳ್ಳುತ್ತೇನೆಂದು ಹೇಳಿದಳು. ಅವನು "ಖರೇನಾ?" ಎಂದು ಮತ್ತೆ ಮತ್ತೆ ಕೇಳಿದ. ಇದರಲ್ಲೂ ಏನೋ ಹೂಟವಿದೆಯೆಂದು ಅವನಿಗೆ ಅನುಮಾನ.

ಸೋಮವಾರ ಆಫೀಸಿನಲ್ಲಿ ಅವಳು ಲೋಕೇಶನಿಗೆ ಹೇಳಿದಳು: "ಆ ಮೆಸೇಜ್ ತಪ್ಪು ಅಂತ ಗ್ರೂಪಲ್ಲಿ ಹಾಕು. ಕ್ಯಾಮೆರಾ ಚೆನ್ನಾಗಿದೆ, ನಾನೇ ತಗೊಂಡೆ."

"ಹಂಗಾದ್ರೆ ಮೂರು ಕಾರಣ ಯಾಕೆ ಹೇಳ್ದ? ನಿಜವಾದ್ದು ಯಾವುದು?"

"ಅದು ಅವರ ಮನೆ ವಿಷಯ."

ಲೋಕೇಶ್ ಕುರ್ಚಿ ತಿರುಗಿಸಿ ಅವಳನ್ನೇ ದಿಟ್ಟಿಸಿದ. "ಓಹೋ. ನಾನು ಎಲ್ಲರನ್ನೂ ಹೆದರಿಸಿ ಓಡಿಸ್ದೆ, ನೀನು ಸುಮ್ನೆ ಹೋಗಿ ತಗೊಂಡೆ. ಚೆನ್ನಾಗಿದೆ ಪ್ಲಾನು."

ಅವಳು ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಗ್ರೂಪಿನಲ್ಲಿ ತಾನೇ ಬರೆದಳು: ಕ್ಯಾಮೆರಾದಲ್ಲಿ ದೋಷವಿಲ್ಲ, ಮಾರಿದವರು ಮೋಸಗಾರರಲ್ಲ. ಅದರ ಕೆಳಗೆ ಬಂದ ಉತ್ತರಗಳಲ್ಲಿ ಲೋಕೇಶನ ಅನುಮಾನವೇ ಬೇರೆ ಬೇರೆ ಬಾಯಲ್ಲಿತ್ತು. ರಾಮಾಂಜಿನಪ್ಪ ಒಬ್ಬರು ಮಾತ್ರ ಫೋನ್ ಮಾಡಿ, "ಇರಲಿ ಬಿಡಮ್ಮ. ಒಳ್ಳೆ ಕ್ಯಾಮೆರಾನಾ? ಸಾಕು," ಎಂದರು.

ಆ ವಾರದಲ್ಲಿ ಅವಳು ಈಶಪ್ಪನಿಗೆ ಆಗಾಗ ಫೋನ್ ಮಾಡಿದಳು. ಆಸ್ಪತ್ರೆಗೆ ಹೋದಿರಾ, ಹೆಂಡತಿಗೆ ಹೇಳಿದಿರಾ ಎಂದು. ಅವನು "ಹೂಂ, ನೋಡೂಣು" ಎಂದು ತೇಲಿಸುತ್ತಿದ್ದ. ಕೊನೆಗೊಂದು ದಿನ ಅವನ ನಂಬರಿನಿಂದಲೇ ಕರೆ ಬಂತು, ದನಿ ಮಾತ್ರ ಮಹಾದೇವಿಯದು.

"ಯಾಕವಾ, ನಮ್ಮ ಮನಿಯವರು ನಿನ್ನ ಫೋನ್ ಬಂದ್ರ ಹೊರಗ ಎದ್ದು ಹೋಗ್ತಾರ? ಕ್ಯಾಮೆರಾ ತಗೊಂಡು ಹ್ವಾದಿ, ಮುಗೀತಲ್ಲ? ಇನ್ನೇನು ಐತಿ ನಿಮ್ಮಿಬ್ಬರ ನಡುವ?"

ಕೊಟ್ಟ ಮಾತು ಒಂದು ಕಡೆ, ಈ ಹೆಂಗಸಿನ ನೋವು ಇನ್ನೊಂದು ಕಡೆ. "ಅಕ್ಕ, ನೀವು ಅನ್ಕೊಂಡಿರೋ ತರ ಏನೂ ಇಲ್ಲ. ಕಳೆದ ತಿಂಗಳ ಆ ಮದುವೆ ಫೋಟೋಗಳನ್ನ ಒಂದ್ಸಲ ತೆಗೆದು ನೋಡಿ. ನಿಮಗೇ ಗೊತ್ತಾಗುತ್ತೆ."

"ನೋಡೀನಿ," ಎಂದಳು ಮಹಾದೇವಿ ನಿಧಾನವಾಗಿ. "ನಾನ ಅಲ್ಲೇನು ಆಲ್ಬಮ್ ಮಾಡಾಕಿ? ಇವರು ಹೊಡದ ಪ್ರತಿ ಫೋಟೋ ದೊಡ್ಡದು ಮಾಡಿ ನೋಡಾಕಿ ನಾನು. ಆರು ತಿಂಗಳಾತು, ಕೆಟ್ಟವನ್ನ ತಗದು, ಛಲೋ ಇದ್ದಾವನ್ನಷ್ಟ ಆರಿಸಿ ಮಂದಿಗೆ ಕೊಡಾಕತ್ತೀನಿ. ಚಹಾ ಕಪ್ ಕೈಯಾಗ ಹಿಡಸ್ತೀನಿ, ನೀ ಹಿಡಿ ಅಂತ ಚಾಚೂದಿಲ್ಲ. ಇವತ್ತ ಹೇಳ್ಯಾರು, ನಾಳೆ ಹೇಳ್ಯಾರು ಅಂತ ಕಾಯಾಕತ್ತಿದ್ದೆ. ನನಗ ಹೇಳೂ ಬದಲಿ ಎಲ್ಲಿಯೋ ಇರೂ ನಿನಗ ಹೇಳ್ಯಾರಲ್ಲ?"

ಅವಳು ಅಳುತ್ತಿದ್ದಳೋ, ಸಿಟ್ಟಾಗಿದ್ದಳೋ ಫೋನಿನಲ್ಲಿ ತಿಳಿಯಲಿಲ್ಲ. ಹಿಂದಿನಿಂದ ಈಶಪ್ಪ "ಯಾರು ಅದು?" ಎಂದು ಕೇಳುವುದು ಕೇಳಿಸಿತು. "ಬರ್ರಿ, ಇಲ್ಲಿ ಕುಂಡ್ರಿ," ಎಂದಳು ಮಹಾದೇವಿ, ಮತ್ತು ಫೋನು ಕಡಿಯಿತು.

ಇಂಜೆಕ್ಷನ್‌ಗಳಿಂದ ಈಶಪ್ಪನ ಎಡಗಣ್ಣು ಮತ್ತಷ್ಟು ಕೆಡುವುದು ನಿಂತಿತು. ಬಲಗಣ್ಣಿನ ನೋಟ ಮರಳಲಿಲ್ಲ. ಮಳೆಗಾಲ ಕಳೆಯುವುದರೊಳಗೆ ಅವನು ಮುಚ್ಚಿಡುವುದನ್ನು ಬಿಟ್ಟ. ಬುಕಿಂಗಿಗೆ ಬಂದವರಿಗೆ ತಾನೇ ಹೇಳತೊಡಗಿದ: ಬೆಳಕು, ನಿಲ್ಲಿಸುವುದು, ನಗಿಸುವುದು ನಾನು, ಹೊಡೆಯುವುದು ಈಕೆ, ಮಹಾದೇವಿ. ಕೆಲವರು ಎದ್ದು ಈರಣ್ಣನ ಸ್ಟುಡಿಯೋಗೆ ಹೋದರು. ಭರಮಪ್ಪನಂಥವರು ಉಳಿದರು. ಬೇಕಾದರೆ ಫುಲ್‌ಫ್ರೇಮನ್ನು ವಾಪಸ್ ಕೊಡುತ್ತೇನೆಂದು ಆಶಾರಾಣಿ ಒಮ್ಮೆ ಹೇಳಿ ನೋಡಿದಳು. ಹೇಳುವಾಗ ಅವಳಿಗೆ ಒಳಗೊಳಗೇ ಭಯವಿತ್ತು, ಒಪ್ಪಿಬಿಟ್ಟರೆ ಎಂದು. ಮಹಾದೇವಿ ಕೈಯಲ್ಲಿ ತೂಗಿ ನೋಡಿ, "ಇದರ ಭಾರ ನನಗ ಆಗೂದಿಲ್ಲವಾ, ಮಣಿಕಟ್ಟ ನೋಯ್ತೈತಿ. ಚಿಕ್ಕದ ಸಾಕು," ಎಂದು ತಿರುಗಿಸಿ ಕೊಟ್ಟಳು.

ಆ ವರ್ಷದ ನಾಟಕದಲ್ಲಿ ಅಪ್ಪನ ಮುಖ ಸರಿಯಾಗಿ ಬಂತು. ಮುಖದ ಬಣ್ಣದ ಅಡಿಯ ಸುಕ್ಕುಗಳೂ ಕಂಡವು. ಚಿಕ್ಕಬೈರಪ್ಪನವರು ಬಹಳ ಹೊತ್ತು ನೋಡಿ, "ಇಷ್ಟೊಂದು ವಯಸ್ಸಾಗೈತಾ ನಂಗೆ?" ಎಂದರು.

ಲೋಕೇಶ್ ಮಾತ್ರ ಅವಳೊಂದಿಗೆ ಕೆಲಸದ ಮಾತಷ್ಟೇ ಆಡುತ್ತಿದ್ದ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಅವಳ ಎದುರಿಗೆ ಬಂದು ಕೂತ. "ಈಗಾದ್ರೂ ಹೇಳು. ಅವತ್ತು ಅವನು ಮುಚ್ಚಿಟ್ಟಿದ್ದೇನು?"

ಈಶಪ್ಪನೇ ಊರೆಲ್ಲ ಹೇಳಿಕೊಂಡು ತಿರುಗುವಾಗ ಇನ್ನು ಬಚ್ಚಿಡುವಂಥದ್ದೇನೂ ಇರಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಲೋಕೇಶ್ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದ.

"ಅವತ್ತೇ ನಂಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀನು ಗ್ರೂಪಲ್ಲಿ ಹಾಕ್ತಿದ್ದೆ."

ಅವನು ಇಲ್ಲ ಎನ್ನಲು ಹೊರಟವನು ತಡೆದುಕೊಂಡು, ತಟ್ಟೆಯ ಕಡೆ ನೋಡಿದ. ಆಮೇಲೆ ಸಾರಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಊಟ ಮುಂದುವರಿಸಿದ.